ಹೊಳೆ ಉಣಿಸಿದ್ದೇ ಮೈ

ತುಂಗಭದ್ರೆಯ ನಡುಹೊಳೆಯಲ್ಲಿ ಎದ್ದುನಿಂತ ಬಂಡೆ. ಅದರ ನೆತ್ತಿಯ ಮೇಲೆ ಅಂಗೈಯಗಲದ ಒಂದು ಗುಪ್ಪೆ. ಬಣ್ಣ ಕರಿಬೂದು. ಅಂಚು ಒಣಗಿ ಬಿಳಿಚಿದೆ, ನಡುವೆ ಇನ್ನೂ ಹಸಿ. ಕಡ್ಡಿಯಿಂದ ಮೆಲ್ಲಗೆ ಕೆದಕಿದರೆ ಒಳಗಿನದೆಲ್ಲ ಬಿಚ್ಚಿಕೊಳ್ಳುತ್ತದೆ. ಮೊದಲು ಕಾಣುವುದು ಮೀನಿನ ಹುರುಪೆ. ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಆರಪಾರ ಕಾಣುವಷ್ಟು ತೆಳು, ಅದರ ಮೇಲೆ ಒಂದರೊಳಗೊಂದು ಕೂತ ಸಣ್ಣ ಸಣ್ಣ ಗೆರೆಗಳು. ಮೀನು ಬೆಳೆದ ಹಾಗೆ ಹುರುಪೆಯೂ ಬೆಳೆಯುತ್ತದೆ, ಗೆರೆಯೂ ಕೂಡುತ್ತ ಹೋಗುತ್ತದೆ. ಹುರುಪೆಗಳ ನಡುವೆ ಬೆನ್ನುಮೂಳೆಯ ಮಣಿಗಳಿವೆ, ಸೂಜಿಗಿಂತ ಸಣ್ಣ ಪಕ್ಕೆಲುಬುಗಳಿವೆ, ಏಡಿಯ ಕೊಂಡಿಯ ಕೆಂಪು ಚೂರೊಂದಿದೆ. ಒಂದು ಬದಿಗೆ ಗರಗಸದ ಹಲ್ಲಿರುವ ಗಟ್ಟಿ ಮುಳ್ಳು. ಹುರುಪೆಯೇ ಇಲ್ಲದ ಮೀಸೆಮೀನು ಹೊಟ್ಟೆಗೆ ಹೋದದ್ದಕ್ಕೆ ಅದೊಂದೇ ಗುರುತು.

ಇದು ನೀರುನಾಯಿಯ ಹಿಕ್ಕೆ. ಮುಂಡರಗಿಯಿಂದ ಹೂವಿನಹಡಗಲಿಗೆ ಹೋಗುವ ರಸ್ತೆ ಕೊರ್ಲಹಳ್ಳಿಯ ಹತ್ತಿರ ಹೊಳೆ ದಾಟುತ್ತದೆ. ಆಚೆ ದಡದಲ್ಲಿ ಮದಲಗಟ್ಟಿ. ಸಂಕ್ರಾಂತಿ ಕಳೆದ ಮೇಲೆ ನೀರು ಇಳಿದು, ಮಳೆಗಾಲದಲ್ಲಿ ಮುಳುಗಿದ್ದ ಬಂಡೆಗಳೆಲ್ಲ ಮೈ ತೋರಿಸುತ್ತವೆ. ಬಂಡೆಗಳ ನಡುವೆ ಮಡುಗಳು ಉಳಿಯುತ್ತವೆ, ಮಡುಗಳಲ್ಲಿ ಮೀನು ಉಳಿಯುತ್ತದೆ. ಮೀನು ಇದ್ದಲ್ಲಿ ತೆಪ್ಪದವರೂ ಬರುತ್ತಾರೆ, ನೀರುನಾಯಿಯೂ ಬರುತ್ತದೆ. ನನ್ನನ್ನು ತೆಪ್ಪದಲ್ಲಿ ಕೂರಿಸಿಕೊಂಡು ಬಂದಿದ್ದ ಹಿರಿಯ ಅಂಬಿಗರು ಗುಪ್ಪೆಯ ಮೇಲೆ ಬಾಗಿ ಮೂಸಿದರು.

“ನಿನ್ನಿ ರಾತ್ರೀದು ಇದು, ತಮ್ಮಾ. ನಡುವ ಹಸೀ ಐತಿ ನೋಡು. ಜಿಲೇಬಿ ತಿಂದಾವ, ಏಡಿ ತಿಂದಾವ. ಆ ಮ್ಯಾಲಿನ ಬಂಡೀ ಮ್ಯಾಲೆ ಹಳೇದೈತಿ, ಅದರಾಗ ಬರೇ ಏಡಿ.”

“ಬರೇ ಏಡಿ ಯಾಕ ಕಾಕಾ?”

“ಮೀನ ಸಿಗಲಿಲ್ಲಂದ್ರ ಏಡಿ ತಿಂತಾವ. ನಾವು ಪಲ್ಯಾ ಇಲ್ಲಂದ್ರ ಖಾರಪುಡಿ ಹಚ್ಚಿಗೊಂಡು ರೊಟ್ಟಿ ತಿನ್ನೂದಿಲ್ಲೇನು?”

ಜಿಲೇಬಿ ಅಂದರೆ ತಿಲಾಪಿಯ. ಆಫ್ರಿಕಾದಿಂದ ಬಂದು ನಮ್ಮ ಕೆರೆ-ಹೊಳೆಗಳನ್ನೆಲ್ಲ ತುಂಬಿಕೊಂಡ ಮೀನು ಅದು. ಕಾಕಾ ಗುಪ್ಪೆಯನ್ನು ಓದಿದ ರೀತಿಯಲ್ಲೇ ಪ್ರಾಣಿಶಾಸ್ತ್ರದವರೂ ಓದುತ್ತಾರೆ. ಹಿಕ್ಕೆಯನ್ನು ತೊಳೆದು, ಒಣಗಿಸಿ, ಹುರುಪೆ ಮೂಳೆಗಳನ್ನು ಬೇರ್ಪಡಿಸಿ ಯಾವ ಮೀನು, ಎಷ್ಟು ದೊಡ್ಡದು ಎಂದು ಲೆಕ್ಕ ಹಾಕುತ್ತಾರೆ. ಪ್ರಾಣಿಯನ್ನು ಮುಟ್ಟದೆ, ಹಿಡಿಯದೆ, ಅದರ ಊಟವನ್ನೂ ಆರೋಗ್ಯವನ್ನೂ ತಿಳಿಯುವ ದಾರಿ ಇದು.

ಬಿಸಿಲು ಬಂಡೆ ಮುಟ್ಟುವ ಹೊತ್ತಿಗೆ ಅವು ಬಂದವು. ಮೊದಲು ಸದ್ದು: ಹಕ್ಕಿಯದೋ ಎನ್ನಿಸುವ ಚಿಲಿಪಿಲಿ, ನಡುನಡುವೆ ಒಂದು ಸೀಟಿ. ಆಮೇಲೆ ಮಡುವಿನ ನೀರಿನಲ್ಲಿ ಬಾಣದ ಮೊನೆಯಾಕಾರದ ಅಲೆ, ಅದರ ತುದಿಯಲ್ಲಿ ಚಪ್ಪಟೆ ತಲೆ. ಒಂದರ ಹಿಂದೆ ಒಂದು. ಎರಡು ದೊಡ್ಡವು, ಹಿಂದೆ ಅರ್ಧ ಬೆಳೆದ ಮರಿಗಳು. ದೊಡ್ಡದೊಂದು ಮುಳುಗಿ ಎದ್ದಾಗ ಬಾಯಲ್ಲಿ ಗೇಣುದ್ದದ ಮೀನು ಒದ್ದಾಡುತ್ತಿತ್ತು. ಅದು ದಡದ ಕಲ್ಲಿಗೆ ಹತ್ತಿ, ಮುಂಗಾಲಿನ ಬೆರಳುಗಳಲ್ಲಿ ಮೀನನ್ನು ಒತ್ತಿ ಹಿಡಿದು ತಲೆಯಿಂದ ಅಗಿಯಲು ಸುರು ಮಾಡಿತು. ಮೂಳೆ ಮುರಿಯುವ ಸಪ್ಪಳ ಈಚೆಗೆ ನಮ್ಮ ತೆಪ್ಪಕ್ಕೂ ಕೇಳಿಸಿತು. ಮರಿಗಳು ಸುತ್ತ ಕೂಗಾಡಿದವು. ಬಾಲದ ಭಾಗ ಅವುಗಳ ಪಾಲಿಗೆ ಬಂತು. ಉಂಡಾದ ಮೇಲೆ ಎಲ್ಲವೂ ಮರಳಿನ ಮೇಲೆ ಉರುಳಾಡಿ, ಮೈಯನ್ನು ತಿಕ್ಕಿ, ಕೂದಲನ್ನು ಒಪ್ಪವಾಗಿ ಒಣಗಿಸಿಕೊಂಡವು. ನೋಡುವವರಿಗೆ ಅದು ಆಟ. ಅವುಗಳಿಗೆ ಮೈ ಉಳಿಸಿಕೊಳ್ಳುವ ಕೆಲಸ.

ಯಾಕೆಂದರೆ ನೀರಿನಲ್ಲಿ ಬದುಕುವ ಸಸ್ತನಿಗೆ ದೊಡ್ಡ ಶತ್ರು ಚಳಿ. ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ನೀರು ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ತಿಮಿಂಗಿಲ, ಡಾಲ್ಫಿನ್, ಸೀಲುಗಳಿಗೆ ಚರ್ಮದ ಕೆಳಗೆ ದಪ್ಪ ಕೊಬ್ಬಿನ ಪದರವಿದೆ. ನೀರುನಾಯಿಗೆ ಅದಿಲ್ಲ. ಅದಕ್ಕೆ ಇರುವುದು ಒತ್ತು ಕೂದಲು ಮತ್ತು ಒಳಗಿನ ಬೆಂಕಿ. ಒಲೆ ಆರದಂತೆ ಕಟ್ಟಿಗೆ ಒಡ್ಡುತ್ತಲೇ ಇರಬೇಕಾದ ಹಾಗೆ ಅದು ಹೊಟ್ಟೆಗೆ ಹಾಕುತ್ತಲೇ ಇರಬೇಕು. ತುಂಗಭದ್ರೆಯ ನೀರುನಾಯಿಗಳು ನುಣುಪು ತುಪ್ಪಳದ ಜಾತಿಯವು. ಬೆಳೆದ ಪ್ರಾಣಿ 7ರಿಂದ 11 ಕಿಲೊ ತೂಗುತ್ತದೆ, ದಿನಕ್ಕೆ ಹತ್ತಿರ ಹತ್ತಿರ ಒಂದು ಕಿಲೊ ಮೀನು ತಿನ್ನುತ್ತದೆ. ತಿಂದದ್ದು ಕೆಲವೇ ಗಂಟೆಗಳಲ್ಲಿ ಕರಗಿ ಹೊರಬೀಳುತ್ತದೆ. ಮರಿಗೆ ಹಾಲೂಡುವ ತಾಯಿಗಂತೂ ಇನ್ನೂ ಹೆಚ್ಚು ಬೇಕು. ನಮ್ಮಲ್ಲಿ ಮರಿಗಳು ಹುಟ್ಟುವುದು ಮಳೆಗಾಲ ಮುಗಿದು ಚಳಿ ಹಿಡಿಯುವ ಕಾಲಕ್ಕೆ. ಹೊಳೆ ಇಳಿದು ಮಡುಗಳಲ್ಲಿ ಮೀನು ಸುಲಭವಾಗಿ ಸಿಗುವ ಕಾಲವೂ ಅದೇ. ಈ ಹೊಂದಾಣಿಕೆ ತಪ್ಪಿದರೆ ಮೊದಲು ಸೊರಗುವುದು ಮರಿ.

ಹೊಟ್ಟೆ ತುಂಬಿದರೆ ಸಾಕೇ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮ ಹೊಳೆಯಿಂದ ಬಹಳ ದೂರದ ಅಲಾಸ್ಕಾದ ಕಡಲಿನಲ್ಲಿ. ಅಲ್ಲಿಯ ಪಶ್ಚಿಮ ಭಾಗದ ಸ್ಟೆಲ್ಲರ್ ಕಡಲಸಿಂಹಗಳ ಸಂಖ್ಯೆ 1970ರ ದಶಕದಿಂದ 2000ದ ಹೊತ್ತಿಗೆ ಶೇ. 80ರಷ್ಟು ಕುಸಿಯಿತು. ಕಾರಣ ಏನೆಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಅದರಲ್ಲಿ ಗಟ್ಟಿಯಾಗಿ ಕೇಳಿಬಂದ ಒಂದು ವಾದ ಊಟದ್ದು. ಕೊಬ್ಬು ತುಂಬಿದ ಹೆರಿಂಗ್ ಮೀನು ಕಡಿಮೆಯಾಗಿ, ಕೊಬ್ಬು ಕಡಿಮೆ ಇರುವ ಪೊಲಾಕ್ ಮೀನು ಹೆಚ್ಚಾಗಿತ್ತು. ಸಾಕಿದ ಕಡಲಸಿಂಹಗಳಿಗೆ ಬರೀ ಪೊಲಾಕನ್ನು ಬೇಕಾದಷ್ಟು ಕೊಟ್ಟು ನೋಡಿದರು. ಅವು ತಿಂದವು, ಮತ್ತೆ ತಿಂದವು, ಆದರೂ ತೂಕ ಇಳಿಯಿತು. ಮೀನಿಗೆ ಬರವಿರಲಿಲ್ಲ, ಮೀನಿನಲ್ಲಿ ಸತ್ವ ಇರಲಿಲ್ಲ.

ಇನ್ನೊಂದು ಸಂಗತಿ ಮೃಗಾಲಯಗಳಲ್ಲಿ ಸೀಲು ಡಾಲ್ಫಿನ್‌ಗಳನ್ನು ಸಾಕುವವರಿಗೆ ಚೆನ್ನಾಗಿ ಗೊತ್ತು. ಕೆಲವು ಜಾತಿಯ ಮೀನುಗಳ ಮೈಯಲ್ಲಿ ಬಿ1 ಜೀವಸತ್ವವನ್ನು ಮುರಿಯುವ ಥಯಾಮಿನೇಸ್ ಎಂಬ ಕಿಣ್ವ ಇರುತ್ತದೆ. ಹೆರಿಂಗ್‌ನಲ್ಲಿದೆ, ಕಾರ್ಪ್ ಕುಲದ ಕೆಲವು ಮೀನುಗಳಲ್ಲೂ ಇದೆ. ಐಸಿನಲ್ಲಿಟ್ಟ ಅಂಥ ಒಂದೇ ಜಾತಿಯ ಮೀನನ್ನು ತಿಂಗಳುಗಟ್ಟಲೆ ತಿನ್ನಿಸಿದರೆ ಪ್ರಾಣಿಗೆ ನರದೌರ್ಬಲ್ಯ ಬರುತ್ತದೆ. ನಡುಕ, ತೂಕಡಿಕೆ, ಕೊನೆಗೆ ಊಟವನ್ನೇ ಬಿಡುತ್ತದೆ. ಅದಕ್ಕೇ ಅವರು ಮೀನಿನ ಕಿವಿರಿನೊಳಗೆ ಜೀವಸತ್ವದ ಗುಳಿಗೆ ಸಿಗಿಸಿ ಎಸೆಯುತ್ತಾರೆ. ಕಾಡಿನ ಪ್ರಾಣಿಗೆ ಗುಳಿಗೆ ಕೊಡುವವರಿಲ್ಲ, ಬೇಕಾಗಿಯೂ ಇಲ್ಲ. ಅದಕ್ಕೆ ಹತ್ತು ಬಗೆಯ ಮೀನು ಸಿಕ್ಕರೆ ಸಾಕು. ಕೊರ್ಲಹಳ್ಳಿಯ ಆ ಗುಪ್ಪೆಯಲ್ಲಿ ಜಿಲೇಬಿ, ಮೀಸೆಮೀನು, ಏಡಿ ಒಟ್ಟಿಗೇ ಕಂಡಾಗ ನನಗೆ ಸಮಾಧಾನವಾದದ್ದು ಇದಕ್ಕೇ. “ನಾವು ಸಣ್ಣವರಿದ್ದಾಗ ಬಾಳಿಮೀನ ಏನು, ಹಾವುಮೀನ ಏನು, ಕೊರವ ಏನು, ಬಲಿ ಎಳಿಯೂದs ಆಗ್ತಿದ್ದಿಲ್ಲ. ಈಗ ಎಳದ್ರ ಜಿಲೇಬಿನs ಜಿಲೇಬಿ” ಎಂದರು ಕಾಕಾ. ಮೀನುಗಾರಿಕೆ ಇಲಾಖೆಯವರು ಬಿಡುವ ಕಾಟ್ಲಾ, ರೋಹು ಮರಿಗಳು ಹಿನ್ನೀರಿನಲ್ಲಿ ಬೆಳೆಯುತ್ತವೆ, ಮಾರುಕಟ್ಟೆಗೆ ಅವೇ ಬೇಕು. ಹೊಳೆಯ ಹಳೆಯ ಮೀನುಗಳ ಲೆಕ್ಕ ಇಟ್ಟವರು ಕಡಿಮೆ. ಹಿಂದಿನದು ನೆನಪಿರುವುದು ಇಂಥ ಅಂಬಿಗರಿಗೆ ಮಾತ್ರ.

ಕಡಲ ನೀರುನಾಯಿಯ ಕತೆ ಇನ್ನೂ ವಿಚಿತ್ರ. ಉತ್ತರ ಪೆಸಿಫಿಕ್ ತೀರದ ಈ ಪ್ರಾಣಿಗೆ ಜಗತ್ತಿನ ಎಲ್ಲ ಸಸ್ತನಿಗಳಿಗಿಂತ ಒತ್ತಾದ ಕೂದಲಿದೆ. ಒಂದು ಚದರ ಸೆಂಟಿಮೀಟರಿಗೆ ಒಂದು ಲಕ್ಷಕ್ಕೂ ಹೆಚ್ಚು. ಆದರೂ ದಿನಕ್ಕೆ ತನ್ನ ತೂಕದ ಕಾಲುಭಾಗದಷ್ಟು ತಿನ್ನದೆ ಅದು ಬದುಕುವುದಿಲ್ಲ. ಮೈತುಂಬ ಮುಳ್ಳಿರುವ ನೇರಳೆ ಬಣ್ಣದ ಉರ್ಚಿನ್‌ಗಳನ್ನು ವರ್ಷಗಟ್ಟಲೆ ತಿಂದ ಪ್ರಾಣಿ ಸತ್ತಾಗ ನೋಡಿದರೆ ಅದರ ಹಲ್ಲು ಮೂಳೆಗಳೂ ನೇರಳೆ! ತಿಂದದ್ದು ಎಲುಬಿನೊಳಗೂ ಇಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಕಣ್ಣಿಗೆ ಕಟ್ಟುವ ಸಾಕ್ಷಿ ನಾನು ಕಂಡಿಲ್ಲ.

ಕ್ಯಾಲಿಫೋರ್ನಿಯಾದ ತೀರದಲ್ಲಿ ಒಂದೊಂದು ಕಡಲ ನೀರುನಾಯಿಗೂ ಅದರದೇ ರುಚಿ. ತಾಯಿ ಏನು ಹಿಡಿದು ತಿನ್ನುವುದನ್ನು ಕಲಿಸಿತೋ ಮರಿ ದೊಡ್ಡದಾದ ಮೇಲೂ ಬಹುಮಟ್ಟಿಗೆ ಅದನ್ನೇ ಹುಡುಕುತ್ತದೆ. ಕೆಲವಕ್ಕೆ ಏಡಿ, ಕೆಲವಕ್ಕೆ ಕಪ್ಪೆಚಿಪ್ಪು, ಕೆಲವಕ್ಕೆ ಸಣ್ಣ ಕಡಲ ಬಸವನಹುಳು. 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬಸವನಹುಳು ತಿನ್ನುವ ಪ್ರಾಣಿಗಳಿಗೆ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯ ಸೋಂಕು ಹೆಚ್ಚು ಎಂದು ತೋರಿಸಿತು. ಆ ಪರಾವಲಂಬಿಯ ಮೂಲ ಬೆಕ್ಕಿನ ಮಲ. ಊರಿನ ಬೆಕ್ಕು ಹಿತ್ತಲಲ್ಲಿ ಬಿಟ್ಟದ್ದು ಮಳೆನೀರಿನ ಜೊತೆ ಹರಿದು, ಕಡಲು ಸೇರಿ, ಹುಳುವಿನ ಹೊಟ್ಟೆ ಹೊಕ್ಕು, ನೀರುನಾಯಿಯ ಮಿದುಳು ತಲುಪುತ್ತದೆ. 2010ರಲ್ಲಿ ಅದೇ ತೀರದಿಂದ ಇನ್ನೊಂದು ವರದಿ ಬಂತು. ಕೆರೆ ಹೊಳೆಗಳಲ್ಲಿ ನೀರು ಹಸಿರುಗಟ್ಟಿಸುವ ಸಯನೊಬ್ಯಾಕ್ಟೀರಿಯಾ ಇದೆಯಲ್ಲ, ಅದು ಮೈಕ್ರೊಸಿಸ್ಟಿನ್ ಎಂಬ ವಿಷ ಬಿಡುತ್ತದೆ. ಸಿಹಿನೀರಿನ ಆ ವಿಷ ಹೊಳೆಯ ಮೂಲಕ ಕಡಲು ಸೇರಿ, ಕಪ್ಪೆಚಿಪ್ಪುಗಳಲ್ಲಿ ಕೂತು, ಅವನ್ನು ತಿಂದ ಕಡಲ ನೀರುನಾಯಿಗಳ ಪಿತ್ತಜನಕಾಂಗವನ್ನೇ ಹಾಳುಮಾಡಿತ್ತು.

ಇದನ್ನು ಓದಿದ ದಿನ ನನ್ನ ಕಣ್ಣಿಗೆ ಬಂದದ್ದು ಹೊಸಪೇಟೆಯ ತುಂಗಭದ್ರಾ ಜಲಾಶಯ. ಅಲ್ಲಿಯ ನೀರು ಹಸಿರುಗಟ್ಟಿದ ಸುದ್ದಿ ಮತ್ತೆ ಮತ್ತೆ ಪತ್ರಿಕೆಗಳಲ್ಲಿ ಬರುತ್ತದೆ. ಹೊಲಕ್ಕೆ ಹಾಕಿದ ಗೊಬ್ಬರ, ಊರಿನ ಗಟಾರದ ನೀರು ಹೊಳೆಗಿಳಿದರೆ ಪಾಚಿಗೆ ಹಬ್ಬ. ಹಸಿರು ನೀರೆಲ್ಲ ವಿಷವೆಂದು ಹೇಳುವಂತಿಲ್ಲ. ಸಯನೊಬ್ಯಾಕ್ಟೀರಿಯಾ ಗುಂಪಿನ ಎಲ್ಲವೂ ವಿಷ ಬಿಡುವುದಿಲ್ಲ. ಆದರೆ ಪರೀಕ್ಷಿಸಿ ನೋಡದೆ ತಳ್ಳಿಹಾಕುವ ಮಾತೂ ಅಲ್ಲ. ಅದೇ ನೀರಿನ ಏಡಿ ಸಿಂಪಿಗಳನ್ನು ತಿನ್ನುವ ಜೀವಗಳು ಜಲಾಶಯದ ಮೇಲೂ ಇವೆ, ಕೆಳಗೂ ಇವೆ.

ವಿಷ ಹೇಗೆ ಮೇಲೇರುತ್ತದೆ ಎಂಬುದನ್ನು ಮುಂಡರಗಿಯ ಹೊಲದ ಬದುವಿನಲ್ಲೇ ನಿಂತು ನೋಡಬಹುದು. ಹತ್ತಿಗೆ, ಮೆಣಸಿನಕಾಯಿಗೆ, ಉಳ್ಳಾಗಡ್ಡಿಗೆ ಎಣ್ಣೆ ಹೊಡೆಯುತ್ತಾರೆ. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಅಂತಲೇ ಹೆಸರು. ಮರುದಿನ ಮಳೆಯಾದರೆ ಅದರಲ್ಲಿ ಒಂದು ಪಾಲು ಹಳ್ಳ ಸೇರುತ್ತದೆ, ಹಳ್ಳ ಹೊಳೆ ಸೇರುತ್ತದೆ. ನೀರಿನಲ್ಲಿ ಅದು ಅಳತೆಗೆ ಸಿಗದಷ್ಟು ತೆಳುವಾಗಿರಬಹುದು. ಆದರೆ ಬೇಗ ಕೊಳೆಯದ, ಕೊಬ್ಬಿನಲ್ಲಿ ಕರಗಿ ಕೂರುವ ಜಾತಿಯ ವಿಷವಾಗಿದ್ದರೆ ಪಾಚಿಯಿಂದ ಹುಳುವಿಗೆ, ಹುಳುವಿನಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಹೋಗುತ್ತ ಪ್ರತಿ ಮೆಟ್ಟಿಲಿಗೂ ಗಟ್ಟಿಯಾಗುತ್ತದೆ. ಕೊನೆಯ ಮೆಟ್ಟಿಲಲ್ಲಿ ದಿನಕ್ಕೆ ಒಂದು ಕಿಲೊ ಮೀನು ತಿನ್ನುವ ನೀರುನಾಯಿ ಕೂತಿದೆ.

ಬ್ರಿಟನ್ನಿನಲ್ಲಿ ಇದು ಒಮ್ಮೆ ಪೂರ್ತಿ ನಡೆದುಹೋಗಿದೆ. 1950ರ ದಶಕದ ನಡುವಿನಿಂದ ಬಿತ್ತನೆ ಬೀಜಕ್ಕೆ ಸವರಲು, ಕುರಿ ಮೀಯಿಸಲು ಡೀಲ್ಡ್ರಿನ್ ಎಂಬ ವಿಷ ಬಳಕೆಗೆ ಬಂತು. ಕೆಲವೇ ವರ್ಷಗಳಲ್ಲಿ ಅಲ್ಲಿಯ ಹೊಳೆಗಳಿಂದ ನೀರುನಾಯಿ ಕಾಣೆಯಾಗತೊಡಗಿತು. ಅದು ಇಷ್ಟಪಟ್ಟು ತಿನ್ನುತ್ತಿದ್ದ, ಕೊಬ್ಬು ತುಂಬಿದ ಹಾವುಮೀನೇ ಅದಕ್ಕೆ ವಿಷದ ತುತ್ತಾಗಿತ್ತು. ಆ ರಾಸಾಯನಿಕಗಳನ್ನು ಹಂತಹಂತವಾಗಿ ನಿಲ್ಲಿಸಿ, ಹೊಳೆಗಳನ್ನು ಶುದ್ಧಮಾಡಿದ ಮೇಲೆ ಪ್ರಾಣಿ ಒಂದೊಂದೇ ಹೊಳೆಗೆ ಮರಳಿತು. ಇಂಗ್ಲೆಂಡಿನಲ್ಲಿ ಅದು ಕಟ್ಟಕಡೆಗೆ ಮರಳಿದ ಕೌಂಟಿ ಕೆಂಟ್. ಅಲ್ಲಿ ಅದು ಮತ್ತೆ ಕಂಡದ್ದು 2011ರಲ್ಲಿ. ಕೆಡಿಸಲು ಕೆಲವು ವರ್ಷ ಸಾಕಾಗಿತ್ತು. ಸರಿಯಾಗಲು ನಲವತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು.

ಅಮೆರಿಕ-ಕೆನಡಾ ಗಡಿಯ ಕಡಲಲ್ಲಿರುವ, ಈಗ 80 ಕೂಡ ಉಳಿದಿರದ, ಓರ್ಕಾ ಎಂಬ ಕಡಲ ಸಸ್ತನಿಗಳ ಗುಂಪಿನದು ಇದಕ್ಕಿಂತ ಕಠಿಣ ಸ್ಥಿತಿ. ಅವು ಮುಖ್ಯವಾಗಿ ತಿನ್ನುವುದು ಚಿನೂಕ್ ಸಾಲ್ಮನ್ ಒಂದನ್ನೇ. ಆ ಮೀನು ಕಡಿಮೆಯಾದಾಗ ಹಸಿದ ಓರ್ಕಾದ ಮೈ ತನ್ನ ಕೊಬ್ಬನ್ನೇ ಕರಗಿಸಿಕೊಳ್ಳುತ್ತದೆ. ಕೊಬ್ಬಿನಲ್ಲಿ ವರ್ಷಗಳಿಂದ ಕೂತಿದ್ದ ಪಿಸಿಬಿ ಎಂಬ ಕಾರ್ಖಾನೆ ವಿಷ ಆಗ ರಕ್ತಕ್ಕೆ ಇಳಿಯುತ್ತದೆ. ತಾಯಿಯ ಹಾಲಿನಲ್ಲೂ ಅದು ಬರುತ್ತದೆ, ಚೊಚ್ಚಲು ಮರಿಗೆ ಎಲ್ಲಕ್ಕಿಂತ ಹೆಚ್ಚು. ಹಸಿವು, ವಿಷ ಎರಡೂ ಹೀಗೆ ಒಂದರ ಕೈ ಒಂದು ಹಿಡಿದು ಬರುತ್ತವೆ.

ತುಂಗಭದ್ರೆಗೂ ತನ್ನ ಚರಿತ್ರೆ ಇದೆ. 1980ರ ದಶಕದಲ್ಲಿ ಹರಿಹರದ ಹತ್ತಿರದ ಕುಮಾರಪಟ್ಟಣದ ಬಳಿ ಕಾರ್ಖಾನೆಯ ಕೊಳಕು ಹೊಳೆಗೆ ಬಿದ್ದು ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ದಡದ ಹಳ್ಳಿಗಳ ಮೀನುಗಾರರೂ ರೈತರೂ ಬೀದಿಗಿಳಿದರು. ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ ನೆಲೆನಿಂತಿದ್ದ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಆ ಹೋರಾಟವನ್ನು ಕೋರ್ಟಿನವರೆಗೂ ಒಯ್ದಿತು. ಕರ್ನಾಟಕದಲ್ಲಿ ಹೊಳೆಗಾಗಿ ಜನ ಹೂಡಿದ ಮೊದಮೊದಲ ದೊಡ್ಡ ಹೋರಾಟಗಳಲ್ಲಿ ಅದೊಂದು. ಹರಿಹರ ದಾಟಿದ ನೀರು ಗಳಗನಾಥದಲ್ಲಿ ವರದೆಯನ್ನು ಕೂಡಿಸಿಕೊಂಡು ಶಿರಹಟ್ಟಿಯ ಹೊಳೆ ಇಟಗಿ, ಆಮೇಲೆ ಮುಂಡರಗಿಯ ಹಮ್ಮಿಗಿ, ಕೊರ್ಲಹಳ್ಳಿ ಅಂತ ಇಳಿಯುತ್ತದೆ. ಮೇಲೆ ಬಿದ್ದದ್ದು ಕೆಳಗೆ ಬಂದೇ ಬರುತ್ತದೆ. ಆ ವರ್ಷಗಳಲ್ಲಿ ಸತ್ತ ಮೀನನ್ನು ಜನ ಎಣಿಸಿದರು. ಅದನ್ನು ತಿಂದ ನೀರುನಾಯಿಗೆ ಏನಾಯಿತೆಂದು ಯಾರೂ ಕೇಳಿದಂತಿಲ್ಲ.

ಮುಂದೆ 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆ ಬರುವ ಮಾತು ಎದ್ದಾಗ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ರೈತರ ಮುಂದೆ ನಿಂತರು. ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಕಪ್ಪತಗುಡ್ಡಕ್ಕೆ ಗಣಿ ಬೇಡವೆಂಬ ಕೂಗಿಗೂ ಅವರದೇ ಮುಂದಾಳುತನ. ಆ ಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಅಂದಿನ ಮಾತೆಲ್ಲ ಭೂಮಿಯದು, ಔಷಧಿ ಸಸ್ಯಗಳದು, ಮಳೆ ಮೋಡಗಳದು. ಆದರೆ ಆ ಗುಡ್ಡದ ಹಲವು ಹಳ್ಳಗಳು ಇಳಿಯುವುದು ತುಂಗಭದ್ರೆಗೇ. ಗುಡ್ಡ ಅಗೆದು ಮಣ್ಣು ಕಲಕಿದ್ದರೆ ಅದರ ಕೆಸರೂ ಲೋಹವೂ ಮೊದಲು ಮೀನಿನ ಕಿವಿರಿಗೆ, ಆಮೇಲೆ ಮೀನು ತಿನ್ನುವವರ ಹೊಟ್ಟೆಗೆ ಹೋಗುತ್ತಿದ್ದವು. ಆ ಸ್ವಾಮೀಜಿ, ಆ ರೈತರು ತಮಗೆ ಗೊತ್ತಿಲ್ಲದೆಯೇ ನೀರುನಾಯಿಯ ಊಟವನ್ನೂ ಕಾದಿದ್ದಾರೆಂದು ನಾನು ನಂಬಿದ್ದೇನೆ.

ಗದಗ-ಬೆಟಗೇರಿಯ ಮನೆಗಳಿಗೆ ಬರುವುದೂ ಇದೇ ಹೊಳೆಯ ನೀರು. ಹಮ್ಮಿಗಿಯ ಬ್ಯಾರೇಜಿನಲ್ಲಿ ನಿಂತದ್ದು ಪೈಪು ಹಿಡಿದು ಅವಳಿ ನಗರಕ್ಕೆ ಏರುತ್ತದೆ. ಬೆಟಗೇರಿಯ ಓಣಿಗಳಲ್ಲಿ ನಳ ಯಾವಾಗ ಬರುತ್ತದೆಂದು ದಿನಗಟ್ಟಲೆ ಕಾಯುವ ತಾಯಂದಿರಿಗೆ ಆ ನೀರಿನ ಬೆಲೆ ಗೊತ್ತು. ಬಂದ ದಿನ ಕೊಡ, ಬಕೀಟು, ಬ್ಯಾರೆಲ್ಲು, ಮಗ್ಗದ ಕೋಣೆಯ ಹಿಂದಿನ ಹೌದಿ, ಎಲ್ಲ ತುಂಬಬೇಕು. ನಮಗೆ ಬರುವ ನೀರನ್ನು ಸೋಸುತ್ತಾರೆ, ಕ್ಲೋರಿನ್ ಹಾಕುತ್ತಾರೆ. ಮೇಲೆ ನಾವು ಕಾಸಿಕೊಂಡು ಕುಡಿಯುತ್ತೇವೆ. ನೀರುನಾಯಿಗೆ ಸೋಸಿಕೊಡುವವರಿಲ್ಲ. ಹೊಳೆ ಹೇಗಿದೆಯೋ ಹಾಗೆ ಅದರ ಮೈ. ಅದರ ಹಿಕ್ಕೆಯಲ್ಲಿ ಹತ್ತು ಬಗೆಯ ಮೂಳೆ ಸಿಕ್ಕರೆ, ಅದರ ಮರಿಗಳು ದುಂಡಗಿದ್ದರೆ ನಮ್ಮ ಕೊಡದ ನೀರಿನ ಬಗ್ಗೆಯೂ ಸ್ವಲ್ಪ ಧೈರ್ಯ ತಾಳಬಹುದು. ಪ್ರಯೋಗಾಲಯದ ಚೀಟಿ ಒಂದು ದಿನದ ನೀರಿನ ಮಾತು ಹೇಳಿದರೆ ಪ್ರಾಣಿಯ ಮೈ ವರ್ಷಗಳ ಮಾತು ಹೇಳುತ್ತದೆ.

ಕೊರ್ಲಹಳ್ಳಿಯಿಂದ ಹಿಂದಿರುಗುವಾಗ ಶಿರಹಟ್ಟಿ, ಲಕ್ಷ್ಮೇಶ್ವರದ ಸುತ್ತುದಾರಿ ಹಿಡಿದು ಮಾಗಡಿ ಕೆರೆಗೆ ಹೋದೆ. ಚಳಿಗಾಲದಲ್ಲಿ ಈ ಕಡೆ ಬಂದವರು ಮಾಗಡಿ ನೋಡದೆ ಹೋಗಬಾರದು. ಸುಮಾರು 50 ಹೆಕ್ಟೇರಿನ ಈ ಕೆರೆಯನ್ನು ಕಟ್ಟಿದ್ದು ಹೊಲಗಳಿಗೆ ನೀರಿಗಾಗಿ. ಈಗ ಟಿಬೆಟ್, ಮಂಗೋಲಿಯಾಗಳ ಕಡೆಯಿಂದ ಹಿಮಾಲಯ ಹಾರಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲಕ್ಕೆ ಸುಮಾರು 8,000 ಇಲ್ಲಿ ಇಳಿಯುತ್ತವೆ. 2024ರ ಜನವರಿ 31ರಂದು ಪ್ರಕಟವಾದ ಪಟ್ಟಿಯಲ್ಲಿ ಅಘನಾಶಿನಿ ಅಳಿವೆ, ಅಂಕಸಮುದ್ರಗಳ ಜೊತೆಗೆ ಮಾಗಡಿಯೂ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವಾಯಿತು. ಹಗಲು ನೀರಿನಲ್ಲಿ ತೇಲುವ ಬಾತುಗಳು ಸಂಜೆಯಾದರೆ ಸಾಲುಕಟ್ಟಿ ಸುತ್ತಲಿನ ಹೊಲಗಳಿಗೆ ಹೋಗುತ್ತವೆ. ಶೇಂಗಾ, ಕಡ್ಲಿ, ಎಳೆ ಹುಲ್ಲು ಮೇಯುತ್ತವೆ. ಬೇಸಿಗೆ ಮುಟ್ಟುವ ಮುಂಚೆ ಮತ್ತೆ ಹಿಮಾಲಯ ಹಾರಬೇಕು. ಹಾರಲು ಕೊಬ್ಬು ಬೇಕು, ಕೊಬ್ಬು ಸಿಗುವುದು ಈ ಕಪ್ಪು ಹೊಲಗಳಲ್ಲಿ. ಶಿರಹಟ್ಟಿಯ ರೈತ ಯಾವ ಬೆಳೆ ಬಿತ್ತಿದ, ಯಾವ ಎಣ್ಣೆ ಹೊಡೆದ ಎಂಬುದರ ಮೇಲೆ ಮಂಗೋಲಿಯಾದ ಕೆರೆಯೊಂದರಲ್ಲಿ ಮೊಟ್ಟೆ ಇಡುವ ಹಕ್ಕಿಯ ಬಲ ನಿಂತಿದೆ. ಕೆರೆಗೆ ಬೇಲಿ ಹಾಕಬಹುದು, ಫಲಕ ನೆಡಬಹುದು. ಬಾತಿನ ಊಟ ಮಾತ್ರ ಬೇಲಿಯ ಹೊರಗೇ ಇದೆ.

ನೀರುನಾಯಿಗೂ ಹೀಗೊಂದು ಗೆರೆ ಎಳೆದಿದ್ದಾರೆ. 2015ರಲ್ಲಿ ಕರ್ನಾಟಕ ಸರ್ಕಾರ ಕೊಪ್ಪಳ-ಬಳ್ಳಾರಿ ಭಾಗದಲ್ಲಿ, ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ಹೊಳೆಯನ್ನು ತುಂಗಭದ್ರಾ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಸಾರಿತು. ನೀರುನಾಯಿಗೆಂದೇ ದೇಶದಲ್ಲಿ ಆದ ಮೊದಲ ಮೀಸಲು ಅದು. 2019ರಲ್ಲಿ ವನ್ಯಜೀವಿ ವ್ಯಾಪಾರದ ಬಗ್ಗೆ ಜಿನೀವಾದಲ್ಲಿ ಕೂಡಿದ ದೇಶಗಳ ಸಭೆ ಈ ಜಾತಿಯ ಚರ್ಮ, ಮರಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಪೂರ್ತಿ ನಿಷೇಧಿಸಿತು. ಎರಡೂ ಒಳ್ಳೆಯ ಕೆಲಸ. ಆದರೆ ಮುಂಡರಗಿ, ಶಿರಹಟ್ಟಿಯ ಹೊಳೆ ಆ 34 ಕಿ.ಮೀ.ಗೆ ಸೇರಿಲ್ಲ. ಇಲ್ಲಿ ಮರಳಿನ ಲಾರಿಗಳು ಓಡಾಡುತ್ತವೆ. ಮರಳು ತೆಗೆದ ದಡದಲ್ಲಿ ನೀರುನಾಯಿಗೆ ಬಿಲ ಇಲ್ಲ, ಮೈ ಒಣಗಿಸಲು ಜಾಗ ಇಲ್ಲ, ಮೀನಿಗೆ ತತ್ತಿ ಇಡಲು ತಳ ಇಲ್ಲ. ಹೊಳೆಯುದ್ದಕ್ಕೂ ಅಲ್ಲಲ್ಲಿ ಮಡುವಿಗೆ ಮದ್ದು ಸಿಡಿಸುವವರು, ಬ್ಲೀಚಿಂಗ್ ಪುಡಿ ಚೆಲ್ಲುವವರು ಇದ್ದಾರೆ. ಮದ್ದು ಸಿಡಿದರೆ ದೊಡ್ಡ ಮೀನಿನ ಜೊತೆ ಬೆರಳುದ್ದದ ಮರಿಗಳೆಲ್ಲ ಸಾಯುತ್ತವೆ, ಅರ್ಧಕ್ಕರ್ಧ ತಳಕ್ಕೆ ಮುಳುಗಿ ಕೊಳೆಯುತ್ತವೆ. ಒಂದು ಮಡುವಿನ ಮುಂದಿನ ವರ್ಷದ ಊಟ ಒಂದು ನಿಮಿಷದಲ್ಲಿ ಮುಗಿಯುತ್ತದೆ. ಸೊಳ್ಳೆಪರದೆಯಷ್ಟು ಸಣ್ಣ ಕಣ್ಣಿನ ಬಲೆ ಮಾಡುವುದೂ ಅದನ್ನೇ, ಸದ್ದಿಲ್ಲದೆ.

ಮೀನು ಕಡಿಮೆಯಾದಷ್ಟೂ ನೀರುನಾಯಿ ಬಲೆಯ ಕಡೆ ತಿರುಗುತ್ತದೆ. ಬಲೆಯಲ್ಲಿ ಸಿಕ್ಕ ಮೀನು ಕಷ್ಟವಿಲ್ಲದ ಊಟ. ಅದು ಕಚ್ಚಿ ಎಳೆದಾಗ ಬಲೆ ಹರಿಯುತ್ತದೆ. ನೀರುನಾಯಿಯ ಊಟದ ಮಾತು ಕೊನೆಗೆ ಬಂದು ನಿಲ್ಲುವುದು ಅಂಬಿಗರ ಮನೆಯ ಊಟದ ಹತ್ತಿರ. ಅಂದು ಕೊರ್ಲಹಳ್ಳಿಯ ದಡಕ್ಕೆ ಬಂದ ಮೇಲೆ ಕಾಕಾ ತಮ್ಮ ಬಲೆಯನ್ನು ಮರಳಿನ ಮೇಲೆ ಹಾಸಿ ತೋರಿಸಿದರು. ಮೊಳದಗಲದ ತೂತು, ಅದರ ಪಕ್ಕ ಹಳೆಯ ತೂತಿಗೆ ಹಾಕಿದ ಬೇರೆ ಬಣ್ಣದ ದಾರ, ಅದರ ಪಕ್ಕ ಇನ್ನೊಂದು.

“ಸಿಟ್ಟ ಬರೂದಿಲ್ಲೇನ ಕಾಕಾ?”

“ಸಿಟ್ಟ ಬರ್ತೈತಿ. ಬಡೀಬೇಕು ಅಂತೂ ಅನಸ್ತೈತಿ. ಆದ್ರ ಅವು ನಮ್ಮಕಿಂತ ಮೊದಲs ಇದ್ದಾವ ಈ ಹೊಳ್ಯಾಗ. ನೀರನಾಯಿ ಇದ್ದ ಮಡುವಿನ್ಯಾಗ ಮೀನ ಐತಿ ಅಂತ ನಮ್ಮಪ್ಪ ಹೇಳತಿದ್ದ, ಅದು ಇವತ್ತಿಗೂ ಖರೇನs.”

ಸೂಜಿಗೆ ದಾರ ಪೋಣಿಸುತ್ತ ಮತ್ತೆ ಹೇಳಿದರು: “ಆನಿ ಬೆಳಿ ತುಳದ್ರ ರೊಕ್ಕ ಕೊಡ್ತಾರ, ಚಿರ್ಚಿ ಆಕಳ ಹಿಡದ್ರ ರೊಕ್ಕ ಕೊಡ್ತಾರ. ನಮ್ಮ ಬಲಿ ಹರದ್ರ ಯಾರೂ ಕೇಳೂದಿಲ್ಲ. ನೀ ಬರಿಯಾಂವ ಅದೀಯಲ್ಲ, ಇದನ್ನೂ ಬರಿ. ಬಲೀಗೆ ಒಂದೀಟು ರೊಕ್ಕ ಕೊಟ್ರ, ಆ ಮದ್ದ ಹಾಕೋರನ್ನ ಹಿಡದ್ರ, ನೀರನಾಯೀನ ನಾವs ಕಾಯ್ತೀವಿ.”